ಜೈಲಿನಲ್ಲಿ ಸೇರಿದ ಕೌನ್ಸಿಲ್ ಸಭೆ

ವಾರ್ಡಿನ ಸದಸ್ಯರ ಕೆಲಸ ಚರಂಡಿ, ಬೀದಿದೀಪಕ್ಕೆ ಮುಗಿಯಿತು ಎನ್ನುವವರು ಪೂರ್ವ ಲಂಡನ್ನಿನ ಪಾಪ್ಲರ್ ಬರೋದಲ್ಲಿ (ಸ್ಥಳೀಯ ಆಡಳಿತ ವಿಭಾಗ) 1921ರಲ್ಲಿ ನಡೆದದ್ದನ್ನು ಗಮನಿಸಬೇಕು.

ಹಡಗುಕಟ್ಟೆಯ ಕೂಲಿಕಾರರ ಆ ಪ್ರದೇಶದಲ್ಲಿ ನಿರುದ್ಯೋಗ ವಿಪರೀತವಾಗಿತ್ತು. ಬಡವರಿಗೆ ಕೊಡುವ ಪರಿಹಾರದ ಹೊರೆಯನ್ನು ಬಹುಮಟ್ಟಿಗೆ ಸ್ಥಳೀಯ ತೆರಿಗೆಯಿಂದಲೇ ಹೊರಬೇಕಿತ್ತು. ಸಿರಿವಂತ ಪಶ್ಚಿಮ ಲಂಡನ್ನಿನಲ್ಲಿ ಬಡವರೂ ಕಡಿಮೆ, ತೆರಿಗೆಯ ಹುಟ್ಟುವಳಿಯೂ ಹೆಚ್ಚು. ಈ ಅನ್ಯಾಯ ಸರಿಹೋಗುವವರೆಗೆ ಲಂಡನ್ ಕೌಂಟಿ ಕೌನ್ಸಿಲ್, ಪೊಲೀಸ್ ಮುಂತಾದವುಗಳ ಪಾಲನ್ನು ಜನರಿಂದ ವಸೂಲು ಮಾಡುವುದಿಲ್ಲವೆಂದು ಪಾಪ್ಲರ್ ಕೌನ್ಸಿಲ್ ಸದಸ್ಯ ಜಾರ್ಜ್ ಲ್ಯಾನ್ಸ್‌ಬರಿ ಮತ್ತು ಸಂಗಡಿಗರು ತೀರ್ಮಾನಿಸಿದರು. ನ್ಯಾಯಾಲಯ ಆದೇಶಿಸಿದರೂ ಜಗ್ಗಲಿಲ್ಲ. ಐವರು ಮಹಿಳೆಯರೂ ಸೇರಿ 30 ಮಂದಿ ಸೆರೆಮನೆಗೆ ಹೋದರು. ಅವರಲ್ಲಿ ನೆಲ್ಲಿ ಕ್ರೆಸಲ್ ಗರ್ಭಿಣಿ. ಬ್ರಿಕ್ಸ್‌ಟನ್ ಜೈಲಿನೊಳಗೇ ಕೌನ್ಸಿಲ್ ಸಭೆ ಸೇರಿತು. ಹಾಲೊವೇ ಜೈಲಿನಲ್ಲಿದ್ದ ಮಹಿಳಾ ಸದಸ್ಯರನ್ನು ಅದಕ್ಕಾಗಿ ಅಲ್ಲಿಗೆ ಕರೆತರುತ್ತಿದ್ದರು.

ಸುಮಾರು ಆರು ವಾರಗಳ ಬಳಿಕ ಬಿಡುಗಡೆಯಾಯಿತು. ಬಡಪರಿಹಾರದ ವೆಚ್ಚವನ್ನು ಇಡೀ ಲಂಡನ್ ಹಂಚಿಕೊಳ್ಳುವಂಥ ಕಾಯ್ದೆ ಅದೇ ವರ್ಷ ಬಂತು. ತೆತ್ತ ಬೆಲೆ ಸಣ್ಣದಲ್ಲ: ಜೈಲು ಸೇರಿದ್ದ ಮಿನ್ನಿ ಲ್ಯಾನ್ಸ್‌ಬರಿ 1922ರ ಮೊದಲ ದಿನವೇ, 32ರ ವಯಸ್ಸಿನಲ್ಲಿ ತೀರಿಕೊಂಡರು.

ಚುನಾಯಿತ ಸದಸ್ಯರು ನ್ಯಾಯಾಲಯದ ಆದೇಶ ಮೀರುವುದನ್ನು ಹಗುರವಾಗಿ ಒಪ್ಪಲಾಗದು. ಆದರೆ ಪಾಪ್ಲರ್‌ನವರು ಕಾರಣವನ್ನು ಬೀದಿಯಲ್ಲಿ ನಿಂತು ಹೇಳಿದರು, ಶಿಕ್ಷೆಯನ್ನು ತಾವೇ ಅನುಭವಿಸಿದರು, ತಮಗಾಗಿ ಏನನ್ನೂ ಕೇಳಲಿಲ್ಲ. ಬಡ ಬಡಾವಣೆಯ ತೆರಿಗೆಯಿಂದಲೇ ಬಡವರನ್ನು ಸಾಕಿಕೊಳ್ಳಿ ಎಂಬ ಲೆಕ್ಕಕ್ಕೆ ಸಹಿ ಹಾಕದಿದ್ದುದು ಸರಿಯಾದ ನಿರ್ಧಾರವೇ ಆಗಿತ್ತು.