ನೀರಿನಡಿಯಲ್ಲಿ ಜೊತೆ ಬಿಡುವವರಿಗೆ

ಮೊನ್ನೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಮುರುಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಹೋಗಿ, ಸ್ಕೂಬಾ ಉಪಕರಣ ತೊಟ್ಟು ಕಡಲಿಗಿಳಿದ ಕಥೆಯನ್ನು ಬಹಳ ಉತ್ಸಾಹದಿಂದ ಹೇಳಿದ. ತರಬೇತಿ ಮುಗಿಸಿ ಪ್ರಮಾಣಪತ್ರ ಪಡೆದವನು. ಜೋಡಿಯಾಗಿಯೇ ಇರಬೇಕೆಂಬ ನಿಯಮ ತಿಳಿಯದವನಲ್ಲ. ಆದರೂ ಆಮೆಯೊಂದರ ಚಿತ್ರಕ್ಕಾಗಿ ಅದರ ಬೆನ್ನು ಹತ್ತಿ, ಜೊತೆಗಾರರನ್ನು ಬಿಟ್ಟು 10 ನಿಮಿಷ ಒಬ್ಬನೇ ಅಲೆದನಂತೆ. "ನನ್ನನ್ನು ನಾನು ನೋಡಿಕೊಳ್ಳಬಲ್ಲೆ ಸಾರ್, ಜೊತೆಗಾರನೆಂದರೆ ಕಾಲಿಗೆ ಕಟ್ಟಿದ ಗುಂಡು" ಎಂದು ನಕ್ಕ. ನನಗೆ ನಗು ಬರಲಿಲ್ಲ. ಅವನಿಗೆ ಹೇಳಿದ್ದನ್ನೇ ಇಲ್ಲಿಯೂ ಬರೆಯುತ್ತಿದ್ದೇನೆ. ಈ ಹವ್ಯಾಸವುಳ್ಳವರು ನಿಮ್ಮಲ್ಲಿ ಇನ್ನೂ ಕೆಲವರಿದ್ದೀರಿ.

ನಾನು ಊರ ಕೆರೆಯಲ್ಲಿ, ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿಕೊಂಡು ಈಜು ಕಲಿತವನು. ಕಡಲ ತಳ ಕಂಡವನಲ್ಲ. ಆದರೆ ಬಾಯ್ಲ್‌ನ ನಿಯಮವನ್ನು ವರ್ಷಗಟ್ಟಲೆ ಕರಿಹಲಗೆಯ ಮೇಲೆ ಬರೆದಿದ್ದೇನೆ. 10 ಮೀಟರ್ ಆಳದಲ್ಲಿ ಒತ್ತಡ ಎರಡರಷ್ಟು. ಅಲ್ಲಿ ಎಳೆಯುವ ಪ್ರತಿ ಉಸಿರಿಗೂ ಸಿಲಿಂಡರಿನ ಗಾಳಿ ಎರಡರಷ್ಟು ಖರ್ಚಾಗುತ್ತದೆ. ಆಮೆಯನ್ನು ಬೆನ್ನಟ್ಟಿ ಏದುಸಿರು ಬಿಟ್ಟರೆ ಇನ್ನೂ ಹೆಚ್ಚು. ಒತ್ತಡಮಾಪಕವಿದೆ ಎನ್ನುತ್ತೀರಿ. ಕಣ್ಣು ಕ್ಯಾಮೆರಾದಲ್ಲಿರುವಾಗ ಮಾಪಕವನ್ನು ನೋಡುವವರು ಯಾರು?

ನಿನ್ನ ಎದೆಯ ಬಳಿ, ಸಾಮಾನ್ಯವಾಗಿ ಹಳದಿ ಬಣ್ಣದ, ಎರಡನೆಯ ಬಾಯಿಕೊಳವೆಯೊಂದು ತೂಗುತ್ತಿತ್ತಲ್ಲ, ಅದು ಯಾರಿಗಾಗಿ ಎಂದು ಅವನನ್ನು ಕೇಳಿದೆ. ನಿನ್ನ ಸಿಲಿಂಡರ್ ಬರಿದಾದ ಮೇಲೆ ಅದರಿಂದ ನಿನಗೆ ಒಂದು ಗುಟುಕು ಗಾಳಿಯೂ ಬಾರದು. ಎರಡು ಕೊಳವೆಗಳಿಗೂ ಮೂಲ ಒಂದೇ. ಅದು ಜೊತೆಗಾರನಿಗೆಂದು ಇರುವುದು. ನಿನಗೆ ಬೇಕಾದದ್ದು ಅವನ ಎದೆಯ ಮೇಲಿದೆ. ಗಾಳಿ ಮುಗಿದದ್ದು ಅರಿವಾಗುವುದೇ ಬಹುಪಾಲು ಉಸಿರು ಬಿಟ್ಟು ಮತ್ತೆ ಎಳೆಯಹೊರಟಾಗ. ಆ ಸ್ಥಿತಿಯಲ್ಲಿ ಎಷ್ಟು ದೂರ ಈಜಬಲ್ಲೆ? ಎರಡು ಮಾರು ಎನ್ನೋಣ. ಹಾಗಾದರೆ ಜೊತೆಗಾರ ಆ ಎರಡು ಮಾರಿನೊಳಗೇ ಇರಬೇಕು. ಕೂಗಿ ಕರೆಯಲು ಅದೇನು ಶಾಲೆಯ ಮೈದಾನವಲ್ಲ. ಗಂಟಲಿಗೆ ಅಡ್ಡಲಾಗಿ ಕೈಯಾಡಿಸುವ ಸನ್ನೆಯೂ ನೋಡುವ ಕಣ್ಣಿದ್ದರೆ ಮಾತ್ರ ಸನ್ನೆ.

ಒಂಟಿಯಾಗಿ ಮುಳುಗುವವರೂ ಇದ್ದಾರಲ್ಲ ಎಂದು ವಾದಿಸಿದ. ಇದ್ದಾರೆ. ಅದಕ್ಕೆಂದೇ ಬೇರೆ ತರಬೇತಿ ಪಡೆದು, ಮುಖ್ಯ ಸಿಲಿಂಡರನ್ನು ಅವಲಂಬಿಸದ ಮತ್ತೊಂದು ಗಾಳಿಯ ಆಸರೆಯನ್ನು ಹೊತ್ತು ಇಳಿಯುತ್ತಾರೆ. ಜೋಡಿಯೆಂದು ಒಪ್ಪಿ ಇಳಿದು ನಡುವೆ ಒಂಟಿಯಾದವನ ಬಳಿ ಅದೂ ಇಲ್ಲ, ಇದೂ ಇಲ್ಲ.

ಇದಿಷ್ಟೂ ಅವನ ಪ್ರಾಣದ ಲೆಕ್ಕ. ನನ್ನ ಸಿಟ್ಟಿಗೆ ಬೇರೆ ಕಾರಣವಿತ್ತು. ಜೊತೆಗಾರ ಕಾಣದಾದರೆ ಸುಮಾರು ಒಂದು ನಿಮಿಷ ಸುತ್ತ ಹುಡುಕಿ, ನಿಧಾನವಾಗಿ ಮೇಲೇರಿ, ನೀರಿನ ಮೇಲೆ ಒಂದುಗೂಡಬೇಕೆಂಬುದು ಅವರು ಕಲಿತ ಕ್ರಮ. ಆ ಇನ್ನೊಬ್ಬರು ಅದನ್ನು ಪಾಲಿಸಿದರು. ಮೇಲೆ ಬಂದು ಬರಿಯ ನೀರನ್ನು ನೋಡುತ್ತ ಕಾದರು. ಇವನು ಕೆಳಗೆ ಚಿತ್ರ ತೆಗೆಯುತ್ತಿದ್ದ. ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ದಾಗ ಬಸ್ಸಿನಲ್ಲಿ ಎಣಿಸಿದ ತಲೆ ಒಂದು ಕಡಿಮೆ ಬಂದ ದಿನ ಆ ಸಂಕಟವನ್ನು ನಾನು ಕಂಡಿದ್ದೇನೆ. ಹುಡುಗ ಕಬ್ಬಿನ ಹಾಲು ಕುಡಿಯುತ್ತ ನಿಂತಿದ್ದ. ನನ್ನ ಕೈಕಾಲು ಸಂಜೆಯವರೆಗೂ ನಡುಗುತ್ತಿದ್ದವು.

ಆ ಜೊತೆಗಾರರ ಹೆಸರೇನೆಂದು ಕೇಳಿದೆ. ದೋಣಿಯಲ್ಲಿ ಪರಿಚಯವಾದವರು, ನೆನಪಿಲ್ಲ ಎಂದ. ಅವರನ್ನು ಹುಡುಕಿ ಕ್ಷಮೆ ಕೇಳುವವರೆಗೆ ಆಮೆಯ ಚಿತ್ರವನ್ನು ನನಗೆ ತೋರಿಸಬೇಡ ಎಂದು ಹೇಳಿ ಕಳುಹಿಸಿದ್ದೇನೆ.