ಹತ್ತು ಅಂಕದ ಡೆಲ್ಟಾ, ಸುಟ್ಟುಹೋದ ಮೋಟರ್

ಕಳೆದ ಬೇಸಿಗೆಯಲ್ಲಿ ನಮ್ಮ ಬೋರ್‌ವೆಲ್ ಮೋಟರ್ ಸುಟ್ಟುಹೋಯಿತು. ಶಿಡ್ಲಘಟ್ಟದ ಕಡೆ ರೇಷ್ಮೆ ಮಾಡುವವರಿಗೆ ಅದೆಂಥ ಸಂಕಟವೆಂದು ಗೊತ್ತು. ಹುಳು ನಾಲ್ಕನೇ ಜ್ವರ ಎದ್ದು ಹಗಲೂ ರಾತ್ರಿ ಸೊಪ್ಪು ತಿನ್ನುವ ಹೊತ್ತು. ತೋಟ ಬಾಡತೊಡಗಿತು. ಅಪ್ಪ ಸಾಲ ಮಾಡಿ ಹೊರಗಿನಿಂದ ಸೊಪ್ಪು ತಂದರು.

ಮೋಟರನ್ನು ಚಿಂತಾಮಣಿಯ ವೈಂಡಿಂಗ್ ಅಂಗಡಿಗೆ ಒಯ್ದೆವು. ಮೇಸ್ತ್ರಿ ಬಿಚ್ಚಿ ನೋಡಿ, ‘ಒಂದೇ ಫೇಸಿನ ಕಾಯಿಲ್ ಸುಟ್ಟಿದೆ. ಡೆಲ್ಟಾದಲ್ಲಿ ಓಡ್ತಿರುವಾಗ ಒಂದು ಫೇಸ್ ಹೋಗಿದೆ. ಸ್ಟಾರ್ ಆಗಿದ್ದರೆ ಎರಡು ಸುಡೋವು. ಇಂಜಿನಿಯರಿಂಗ್ ಓದ್ತೀಯಲ್ಲಪ್ಪ, ಗೊತ್ತಾಗಲಿಲ್ವಾ?’ ಎಂದರು.

ಪರೀಕ್ಷೆಯಲ್ಲಿ ನಾನು ಇದೇ ವಿಷಯಕ್ಕೆ ಹತ್ತು ಅಂಕದ ಉತ್ತರ ಬರೆದಿದ್ದೆ. ಮೋಟರ್ ಮೊದಲು ಸ್ಟಾರ್‌ನಲ್ಲಿ ಹೊರಡುತ್ತದೆ. ಆಗ ಪ್ರತಿ ಸುರುಳಿಗೆ 415ರ ಬದಲು ಸುಮಾರು 240 ವೋಲ್ಟ್; ಲೈನಿನಿಂದ ಎಳೆಯುವ ಕರೆಂಟು ಮೂರನೇ ಒಂದು ಭಾಗ. ವೇಗ ಬಂದಮೇಲೆ ಡೆಲ್ಟಾಗೆ ಬದಲಾಗಿ, ಪೂರ್ತಿ ವೋಲ್ಟೇಜಿನಲ್ಲಿ ಪೂರ್ತಿ ಶಕ್ತಿ ಕೊಡುತ್ತದೆ. ಸಾವಿರ ಅಡಿ ಆಳದಿಂದ ನೀರೆತ್ತುವ ದೊಡ್ಡ ಮೋಟರುಗಳಿಗೆ ಇದು ಬೇಕೇ ಬೇಕು. ಆದರೆ ಡೆಲ್ಟಾದಲ್ಲಿ ಒಂದು ಫೇಸ್ ತಪ್ಪಿದರೆ ಹೊರೆ ಹೆಚ್ಚಾಗಿ ಒಂದೇ ಸುರುಳಿಯ ಮೇಲೆ ಬೀಳುತ್ತದೆ. ಲೈನಿನಲ್ಲಿರುವ ಓವರ್‌ಲೋಡ್ ರಿಲೇಗೆ ಆ ಸುರುಳಿಯ ಕಾವು ಪೂರ್ತಿ ತಿಳಿಯುವುದಿಲ್ಲ. ಅದಕ್ಕೆಂದೇ ಸಿಂಗಲ್ ಫೇಸಿಂಗ್ ಪ್ರಿವೆಂಟರ್ ಇರುವುದು.

ನಮ್ಮ ಪೆಟ್ಟಿಗೆಯಲ್ಲಿ ಅದನ್ನು ತಪ್ಪಿಸಿ ವೈರ್ ನೇರ ಕೊಟ್ಟಿದ್ದರು. ರಜೆಯಲ್ಲಿ ಬಂದಾಗ ನಾನದನ್ನು ನೋಡಿದ್ದೆ. ನೋಡಿಯೂ ಸುಮ್ಮನಿದ್ದೆ.

ರೈತರನ್ನು ಬೈಯುವುದು ಸುಲಭ. ತ್ರೀ ಫೇಸ್ ಸಿಗುವುದೇ ಕೆಲವು ಗಂಟೆ, ಅದೂ ಎಷ್ಟೋ ಸಲ ರಾತ್ರಿ. ವೋಲ್ಟೇಜ್ ಏರಿಳಿದಾಗಲೆಲ್ಲ ಮೋಟರ್ ನಿಂತರೆ ಗಿಡಕ್ಕೆ ನೀರು ಹೋಗುವುದು ಯಾವಾಗ? ಸಮತೋಲನದ ಕರೆಂಟು ಕೊಡದೆ ‘ಬೈಪಾಸ್ ಮಾಡಬೇಡಿ’ ಎಂದರೆ ಅರ್ಧ ಮಾತಷ್ಟೇ.

ಉಳಿದರ್ಧ ನಮ್ಮಂಥ ವಿದ್ಯಾರ್ಥಿಗಳದ್ದು. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಎಲ್ಲವೂ ಬೋರ್‌ವೆಲ್ ನಂಬಿದ ಊರುಗಳು. ಲ್ಯಾಬಿನ ಹೊಸ ಮೋಟರ್ ಎಂದೂ ಸುಡುವುದಿಲ್ಲ. ಸುಟ್ಟದ್ದನ್ನು ನೋಡಬೇಕಾದರೆ ವೈಂಡಿಂಗ್ ಅಂಗಡಿಗೇ ಹೋಗಬೇಕು. ಎಲೆಕ್ಟ್ರಿಕಲ್ ವಿದ್ಯಾರ್ಥಿಗಳಿಗೆ ಅಲ್ಲಿ ಹದಿನೈದು ದಿನದ ಕಲಿಕೆ ಕಡ್ಡಾಯವಾಗಲಿ. ಆಮೇಲೆ ಮೇಸ್ತ್ರಿಗಳ ಜತೆ ಹಳ್ಳಿಗೆ ಹೋಗಿ ಸ್ಟಾರ್ಟರ್ ಪೆಟ್ಟಿಗೆಗಳನ್ನು ಪರೀಕ್ಷಿಸಲಿ.

ಸರ್ ಎಂ.ವಿ. ಹುಟ್ಟಿದ ಮುದ್ದೇನಹಳ್ಳಿ ಇರುವುದು ನಮ್ಮ ಜಿಲ್ಲೆಯಲ್ಲೇ. ಸೆಪ್ಟೆಂಬರ್ 15ರಂದು ಅವರ ಚಿತ್ರಕ್ಕೆ ಹಾರ ಹಾಕುವ ಜತೆಗೆ, ಪ್ರತಿಯೊಬ್ಬರೂ ಒಂದೊಂದು ಪೆಟ್ಟಿಗೆ ತೆರೆದು ನೋಡೋಣ. ನಾನು ನಮ್ಮದರಿಂದಲೇ ಶುರು ಮಾಡಿದ್ದೇನೆ.