ಅಂಕ ಬೇಡ, ಗಡುವು ಹಾಕಿ

ದುರಸ್ತಿ ಸೂಚ್ಯಂಕ ಎಂಬ ಹೊಸ ಚೀಟಿಯಿಂದ ಮಲೆನಾಡಿಗೆ ಮೂರು ಕಾಸಿನ ಪ್ರಯೋಜನವಿಲ್ಲ. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆಯ ಭರತ್ ಖೇರಾ ಸಮಿತಿ 2025ರ ಮೇ ತಿಂಗಳಲ್ಲಿ ಕೊಟ್ಟ ವರದಿಯನ್ನು ಹೊಗಳಿದವರೇ ಹೆಚ್ಚು. ಮೊಬೈಲು, ಟ್ಯಾಬ್ಲೆಟ್‌ಗಳಿಗೆ ಐದರಲ್ಲಿ ಇಷ್ಟೆಂದು ಅಂಕ. ಅದನ್ನು ಕಂಪನಿಯೇ ಘೋಷಿಸಿಕೊಳ್ಳುವುದು. ಅಂಗಡಿಯಲ್ಲಿ, ಆನ್‌ಲೈನ್ ಮಾರಾಟದಲ್ಲಿ, ಡಬ್ಬದ ಮೇಲಿನ ಕ್ಯೂಆರ್ ಕೋಡ್‌ನಲ್ಲಿ ಅದು ಕಾಣಬೇಕು. ಇದನ್ನು ದಿಟ್ಟ ಹೆಜ್ಜೆ ಎಂದವರಿದ್ದಾರೆ. ಇರಲಿ. ಆ ಹೆಜ್ಜೆ ವಾಷಿಂಗ್ ಮೆಷಿನ್‌ವರೆಗೆ ಬಂದಿಲ್ಲ. ಈಗಿನ ರೂಪದಲ್ಲಿ ಬಂದರೂ ಕೊಪ್ಪದವರೆಗೆ ಬರುವುದಿಲ್ಲ.

ಮೆಷಿನ್ನಿನ ಬಾಗಿಲು ಲಾಕ್ ಆಗದ ತೊಂದರೆಯನ್ನೇ ತೆಗೆದುಕೊಳ್ಳಿ. ಬಯಲುಸೀಮೆಯಲ್ಲಿ ಅದು ಕಿರಿಕಿರಿ, ಅಷ್ಟೇ. ಕೈಯಲ್ಲಿ ಒಗೆದು ಬಿಸಿಲಿಗೆ ಹಾಕಿದರೆ ಮುಗಿಯಿತು. ಕೊಪ್ಪ, ಶೃಂಗೇರಿಗಳ ಮಳೆಗಾಲದಲ್ಲಿ ಬಿಸಿಲೇ ಇಲ್ಲ. ಬಟ್ಟೆ ಒಣಗುವುದು ಬಚ್ಚಲೊಲೆಯ ಮೇಲೆ ಕಟ್ಟಿದ ಹಗ್ಗದಲ್ಲಿ, ಹೊಗೆವಾಸನೆಯ ಸಮೇತ. ಎನ್.ಆರ್.ಪುರದ ಕಡೆ ಮಳೆ ಶೃಂಗೇರಿ ಪಕ್ಕದ ಕಿಗ್ಗದಷ್ಟು ಹೊಡೆಯುವುದಿಲ್ಲ, ಆದರೂ ಜುಲೈಯಲ್ಲಿ ಅಲ್ಲಿಯ ಜೀನ್ಸ್ ಪ್ಯಾಂಟು ದಿನಗಟ್ಟಲೆ ಒದ್ದೆ. ಹಾಗಾಗಿ ಇಲ್ಲಿನ ಮನೆಗಳಿಗೆ ಈ ಯಂತ್ರ ಬೇಕಾದದ್ದು ಒಗೆಯುವುದಕ್ಕಿಂತ ಹಿಂಡುವುದಕ್ಕೆ. ನಿಮಿಷಕ್ಕೆ ಸಾವಿರ ಸುತ್ತು ತಿರುಗಿ ನೀರು ಬಸಿದು ಕೊಟ್ಟರೆ ಉಳಿದದ್ದನ್ನು ಒಲೆ ನೋಡಿಕೊಳ್ಳುತ್ತದೆ. ಬಾಗಿಲು ಬೀಗ ಹಾಕದಿದ್ದರೆ ಮೊದಲು ನಿಲ್ಲುವುದೇ ಆ ಸುತ್ತು.

ಈ ಬೀಗ ದೊಡ್ಡ ರಹಸ್ಯವೇನಲ್ಲ. ಬಾಗಿಲು ಮುಚ್ಚಿದಾಗ ಅದರ ಕೊಕ್ಕೆ ಬೀಗದ ಸಂದಿಗೆ ಸಿಕ್ಕುತ್ತದೆ. ಸ್ಟಾರ್ಟ್ ಒತ್ತಿದಾಗ ಬಹುಪಾಲು ಫ್ರಂಟ್ ಲೋಡ್ ಯಂತ್ರಗಳಲ್ಲಿ ಪಿಟಿಸಿ ಎಂಬ ಪುಟ್ಟ ಹೀಟರ್ ಬಿಸಿಯಾಗಿ, ಪಕ್ಕದ ಎರಡು ಲೋಹಗಳ ಪಟ್ಟಿ ಬಾಗಿ, ಪಿನ್ನನ್ನು ತಳ್ಳಿ ಕೊಕ್ಕೆ ಕದಲದಂತೆ ಹಿಡಿಯುತ್ತದೆ. ಅದೇ ಹೊತ್ತಿಗೆ ಒಳಗಿನ ಸಂಪರ್ಕ ಕೂಡಿ, ಬಾಗಿಲು ಭದ್ರವಾಯಿತೆಂದು ಬೋರ್ಡಿಗೆ ತಿಳಿಯುತ್ತದೆ. ಆಮೇಲಷ್ಟೇ ಮೋಟರ್. ಕೆಲಸ ಮುಗಿದ ಮೇಲೂ ಒಂದೆರಡು ನಿಮಿಷ ಬಾಗಿಲು ತೆರೆಯದಿರುವುದು ಆ ಪಟ್ಟಿ ಆರಬೇಕಾದ್ದರಿಂದ.

ಕೆಡುವ ಜಾಗಗಳೂ ಲೆಕ್ಕಕ್ಕೆ ಸಿಗುವಷ್ಟೇ. ರಬ್ಬರಿನ ಮಡಿಕೆಯಲ್ಲಿ ಕಾಲುಚೀಲ ಸಿಕ್ಕಿಕೊಂಡಿರುತ್ತದೆ. ಸಂದಿಯಲ್ಲಿ ಸೋಪಿನ ಪುಡಿ, ಬಟ್ಟೆಯ ಜುಂಗು ಗಟ್ಟಿಯಾಗಿರುತ್ತದೆ. ಕೀಲು ಜಗ್ಗಿ ಕೊಕ್ಕೆ ಸಂದಿಗೆ ನೇರ ಕೂರುತ್ತಿರುವುದಿಲ್ಲ. ಪ್ಲಾಸ್ಟಿಕ್ ಕೊಕ್ಕೆಯ ತುದಿ ಸವೆದಿರುತ್ತದೆ. ಇಷ್ಟನ್ನು ಪ್ಲಗ್ ಕಿತ್ತು, ಟಾರ್ಚ್ ಹಿಡಿದು ಯಾರು ಬೇಕಾದರೂ ನೋಡಬಹುದು. ಇವೆಲ್ಲ ಸರಿಯಿದ್ದೂ ಸ್ಟಾರ್ಟ್ ಒತ್ತಿದಾಗ ಟಕ್ ಎಂಬ ಸದ್ದು ಬರದಿದ್ದರೆ ಬೀಗಕ್ಕೆ ಕರೆಂಟು ಬರುತ್ತಿದೆಯೇ, ತಂತಿಯ ಕನೆಕ್ಟರ್ ತುಕ್ಕು ಹಿಡಿದಿದೆಯೇ ಎಂದು ತಿಳಿದವರು ಮೀಟರ್ ಇಟ್ಟು ನೋಡಬೇಕು. ನಾಲ್ಕು ತಿಂಗಳು ಗೋಡೆಯೇ ಬೆವರುವ ಊರಲ್ಲಿ ತುಕ್ಕು ಹಿಡಿಯದೆ ಇನ್ನೇನಾದೀತು? ಕೊನೆಗೆ ಬೀಗವೇ ಸುಟ್ಟಿದೆ ಎಂದಾದರೆ ಬದಲಾಯಿಸುವುದು ಅರ್ಧ ಗಂಟೆಯ ಕೆಲಸ. ಬಿಡಿಭಾಗಕ್ಕೆ ಸಾವಿರ ರೂಪಾಯಿ ಆಸುಪಾಸು.

ಆ ಸಾವಿರ ರೂಪಾಯಿಯ ಸಾಮಾನು ಸಿಗುವುದಿಲ್ಲ. ಕಳೆ ಕೊಚ್ಚುವ ಯಂತ್ರದ ಕ್ಲಚ್ಚು, ಔಷಧಿ ಹೊಡೆಯುವ ಪಂಪಿನ ವಾಷರು ತಾಲ್ಲೂಕು ಕೇಂದ್ರದ ಅಂಗಡಿಯಲ್ಲಿ ಕೇಳಿದ ತಕ್ಷಣ ಕೈಗೆ ಬರುತ್ತವೆ. ಮೆಷಿನ್ನಿನ ಬೀಗ ಕೇಳಿದರೆ ‘ಶಿವಮೊಗ್ಗಕ್ಕೆ ಹೇಳಿದ್ದೀವಿ, ಬೆಂಗಳೂರಿಂದ ಬರಬೇಕು’. ಆನ್‌ಲೈನ್‌ನಲ್ಲಿ ಸಿಗುವುದು ಮಾಡೆಲ್ ನಂಬರಿಗೆ ಹೊಂದೀತು, ಹೊಂದಲಿಕ್ಕಿಲ್ಲ ಎಂಬ ನಕಲು. ಆಗ ಊರಿನ ಎಲೆಕ್ಟ್ರಿಷಿಯನ್ ತನಗೆ ಗೊತ್ತಿರುವ ದಾರಿ ಹಿಡಿಯುತ್ತಾನೆ: ಬೀಗದ ಎರಡು ತಂತಿ ಕೂಡಿಸಿ ‘ಡೈರೆಕ್ಟ್’ ಮಾಡಿಬಿಡುತ್ತಾನೆ. ಯಂತ್ರ ತಿರುಗುತ್ತದೆ. ಬಾಗಿಲು ಮುಚ್ಚಿದೆಯೋ ಇಲ್ಲವೋ ಅದಕ್ಕೆ ತಿಳಿಯುವುದಿಲ್ಲ. ನಿಮಿಷಕ್ಕೆ ಸಾವಿರ ಸುತ್ತಿನ ಡ್ರಮ್ಮಿನ ಎದುರು ಮಕ್ಕಳಿರುವ ಮನೆ. ಎಲೆಕ್ಟ್ರಿಷಿಯನ್ನನ್ನು ಬೈಯಬೇಡಿ. ಸಾಮಾನು ಕೊಡದವರನ್ನು ಬೈಯಿರಿ.

ಬೀಗ ಸಣ್ಣ ಸಾಮಾನು ಎಂದುಕೊಂಡವರಿಗೆ ಬ್ರಿಟನ್ನಿನ ನೆನಪು ಮಾಡಬೇಕು. 2019ರ ಡಿಸೆಂಬರಿನಲ್ಲಿ ವರ್ಲ್‌ಪೂಲ್ ಕಂಪನಿ ಅಲ್ಲಿ ಮಾರಿದ್ದ ಹಾಟ್‌ಪಾಯಿಂಟ್, ಇಂಡೆಸಿಟ್ ಯಂತ್ರಗಳಲ್ಲಿ 5,19,000ದಷ್ಟನ್ನು ಹಿಂದಕ್ಕೆ ಕರೆಯಬೇಕಾಯಿತು. ಕಾರಣ ಮೋಟರಲ್ಲ, ಬೋರ್ಡಲ್ಲ. ಬಾಗಿಲಿನ ಬೀಗ ಅತಿಯಾಗಿ ಕಾಯುತ್ತಿತ್ತು. 79 ಬೆಂಕಿ ಪ್ರಕರಣಗಳು ವರದಿಯಾಗಿದ್ದವು. ನಮ್ಮಲ್ಲೂ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 20ನೇ ಕಲಮು ಅಪಾಯಕಾರಿ ಸರಕನ್ನು ವಾಪಸ್ ತರಿಸುವ ಅಧಿಕಾರವನ್ನು ಕೇಂದ್ರ ಪ್ರಾಧಿಕಾರಕ್ಕೆ ಕೊಟ್ಟಿದೆ. ಆದರೆ ಹಳೆಯ ಬೀಗವನ್ನು ‘ಡೈರೆಕ್ಟ್’ ಮಾಡಿ ಓಡಿಸುತ್ತಿರುವ ಮನೆಗಳ ಪಟ್ಟಿ ಯಾರ ಹತ್ತಿರವೂ ಇರುವುದಿಲ್ಲ.

ಈಗ ಎಲ್ಲರೂ ದಾಟಿ ಹೋಗುವ ಸಂಖ್ಯೆಗೆ ಬರೋಣ: 15.

ಯುರೋಪಿಯನ್ ಒಕ್ಕೂಟದ 2019/2023 ಎಂಬ ನಿಯಮ 2021ರ ಮಾರ್ಚ್ 1ರಿಂದ ಜಾರಿಯಲ್ಲಿದೆ. ಅದು ವಾಷಿಂಗ್ ಮೆಷಿನ್ನುಗಳಿಗೆಂದೇ ಮಾಡಿದ್ದು. ಅಂಕ, ನಕ್ಷತ್ರಗಳ ಗೊಡವೆಗೆ ಹೋಗದೆ ಸಾಮಾನುಗಳ ಹೆಸರು ಬರೆದಿದೆ. ಮೋಟರು, ಪಂಪು, ಸರ್ಕಿಟ್ ಬೋರ್ಡುಗಳಂಥವನ್ನು ವೃತ್ತಿಪರ ದುರಸ್ತಿಗಾರರಿಗೆ ಕೊಡಬೇಕು. ಇನ್ನೊಂದು ಪಟ್ಟಿ ದುರಸ್ತಿಗಾರರಿಗೂ ಮನೆಯ ಗ್ರಾಹಕರಿಗೂ: ಬಾಗಿಲು, ಅದರ ಕೀಲು, ಸೀಲು, ಸೋಪಿನ ತಟ್ಟೆಯಂಥ ಪ್ಲಾಸ್ಟಿಕ್ ಸಾಮಾನು ಮತ್ತು ಬಾಗಿಲಿನ ಬೀಗ. ಆ ಮಾದರಿಯ ಕೊನೆಯ ಯಂತ್ರ ಮಾರುಕಟ್ಟೆಗೆ ಬಂದ ಮೇಲೂ ಕನಿಷ್ಠ 10 ವರ್ಷ ಇವು ಸಿಗಬೇಕು. ಆರ್ಡರ್ ಬಂದ 15 ಕೆಲಸದ ದಿನಗಳೊಳಗೆ ತಲುಪಿಸಬೇಕು. ಮಾಮೂಲಿ ಉಪಕರಣಗಳಿಂದಲೇ, ಯಂತ್ರಕ್ಕೆ ಶಾಶ್ವತ ಹಾನಿಯಾಗದಂತೆ ಬದಲಾಯಿಸಲು ಬರಬೇಕು.

ಬೀಗ ಎರಡನೇ ಪಟ್ಟಿಗೆ ಸೇರಿದ್ದನ್ನು ಗಮನಿಸಿ. ‘ಜನರ ಕೈಗೆ ಸ್ಪೇರ್ ಕೊಟ್ಟರೆ ಅಪಾಯ’ ಎಂಬುದು ಕಂಪನಿಗಳ ಹಳೆಯ ರಾಗ. ಯುರೋಪ್ ಆ ಮಾತನ್ನು ಮೋಟರು, ಬೋರ್ಡಿಗೆ ಒಪ್ಪಿಕೊಂಡಿತು, ಬಾಗಿಲಿನ ಬೀಗಕ್ಕೆ ಒಪ್ಪಲಿಲ್ಲ. ಅಲ್ಲೂ ಇಲ್ಲೂ ಮಾರುತ್ತಿರುವ ಹಲವು ಕಂಪನಿಗಳು ಒಂದೇ. ಅಲ್ಲಿ ಬೀಗವನ್ನು ಹತ್ತು ವರ್ಷ ದಾಸ್ತಾನು ಇಡಬಲ್ಲವರಿಗೆ ಇಲ್ಲಿ ಇಡಲು ಏನು ಕಷ್ಟ? ಕೇಳುವವರಿಲ್ಲ, ಅಷ್ಟೇ.

ನಮ್ಮ ಸಮಿತಿಯ ಮಾನದಂಡಗಳಲ್ಲೂ ಬಿಡಿಭಾಗ ಇದೆ. ಅದು ‘ಸಮಂಜಸ ಅವಧಿ’ಯಲ್ಲಿ ಸಿಗಬೇಕಂತೆ. ಅದರ ಜೊತೆ ಬಿಚ್ಚುವ ಸಲೀಸು, ದುರಸ್ತಿ ಮಾಹಿತಿ, ಸಾಫ್ಟ್‌ವೇರ್, ಉಪಕರಣ, ಸ್ಕ್ರೂಗಳ ಬಗೆ ಎಲ್ಲ ಸೇರಿ ಒಂದು ಅಂಕ. ಇಂಥ ಕೂಡಿಕೆಯ ದೋಷ ಫ್ರಾನ್ಸಿನ ಸೂಚ್ಯಂಕದಲ್ಲೇ ಕಾಣುತ್ತದೆ. 2021ರ ಜನವರಿಯಲ್ಲಿ ಅದು ಶುರುವಾದಾಗಲೇ ಫ್ರಂಟ್ ಲೋಡ್ ಮೆಷಿನ್ನುಗಳು ಪಟ್ಟಿಯಲ್ಲಿದ್ದವು, ಆ ಮಟ್ಟಿಗೆ ನಮಗಿಂತ ವಾಸಿ. ಆದರೆ ಐದು ಬಾಬತ್ತುಗಳ ಅಂಕ ಕೂಡಿಸಿ ಹತ್ತಕ್ಕೆ ಇಳಿಸುತ್ತಿದ್ದುದರಿಂದ ಸಾಮಾನು ತಡವಾಗಿ ಕಳಿಸುವವನು ಕೈಪಿಡಿ ಚೆನ್ನಾಗಿ ಬರೆದು ಅಂಕ ತುಂಬಿಸಿಕೊಳ್ಳಬಹುದಿತ್ತು. ಕನ್ನಡದಲ್ಲಿ ನೂರಕ್ಕೆ ನೂರು ತೆಗೆದ ಹುಡುಗ ಗಣಿತದಲ್ಲಿ ಫೇಲಾದರೂ ಸರಾಸರಿಯಲ್ಲಿ ಪಾಸಾದ ಹಾಗೆ. ಶೃಂಗೇರಿಯ ಮನೆಗೆ ಕೈಪಿಡಿಯ ಅಂದ ಬೇಕಿಲ್ಲ, ಬೀಗ ಬೇಕು.

ಇನ್ನೊಂದು ಮಾತನ್ನು ಯಾರೂ ಕೇಳುತ್ತಿಲ್ಲ. 2022ರ ಜುಲೈಯಲ್ಲಿ ಇದೇ ಇಲಾಖೆ ದುರಸ್ತಿಯ ಹಕ್ಕಿಗೆಂದು ಸಮಿತಿ ಮಾಡಿದಾಗ ಹೆಸರಿಸಿದ ಕ್ಷೇತ್ರಗಳು ನಾಲ್ಕು: ಕೃಷಿ ಉಪಕರಣ, ಮೊಬೈಲ್–ಟ್ಯಾಬ್ಲೆಟ್, ಗೃಹಬಳಕೆಯ ಯಂತ್ರ, ವಾಹನ. ಅದೇ ವರ್ಷ ಡಿಸೆಂಬರ್ 24ರಂದು ಪೋರ್ಟಲ್ಲೂ ಬಂತು. ಸೂಚ್ಯಂಕದ ಹೊತ್ತಿಗೆ ಕೈಯಲ್ಲುಳಿದದ್ದು ಮೊಬೈಲು, ಟ್ಯಾಬ್ಲೆಟ್. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಮೊಬೈಲ್ ದೂರುಗಳೇ ವರ್ಷಕ್ಕೆ 20 ಸಾವಿರ ದಾಟುತ್ತವೆ ಎಂಬುದು ಸಮರ್ಥನೆ. ಅದರ 1915 ಸಂಖ್ಯೆಗೆ ಫೋನ್ ಮಾಡುವ ಅಭ್ಯಾಸ ಯಾರಿಗಿದೆಯೋ ಅವರ ದೂರು ಎಣಿಕೆಗೆ ಸಿಗುತ್ತದೆ. ಬೀಗ ಸಿಗದೆ ಮೆಷಿನ್ನನ್ನು ಹಿತ್ತಿಲ ಮಾಡಿಗೆ ತಳ್ಳಿದವರು ದೂರು ಕೊಡುವುದಿಲ್ಲ. ಕೊಟ್ಟರೂ ಚಿಕ್ಕಮಗಳೂರಿನ ಜಿಲ್ಲಾ ಆಯೋಗಕ್ಕೆ ಕಾಯ್ದೆ ಹಾಕಿದ ಗುರಿಯೇ 3 ತಿಂಗಳು, ಸರಕಿನ ಪರೀಕ್ಷೆ ಬೇಕಾದರೆ 5. ಅಷ್ಟರಲ್ಲಿ ಮಳೆಗಾಲ ಮುಗಿದು ಅಡಿಕೆ ಕೊಯ್ಲು ಬಂದಿರುತ್ತದೆ.

‘ಎಕ್ಸ್‌ಚೇಂಜ್‌ಗೆ ಕೊಟ್ಟು ಹೊಸದು ತಗೊಳ್ಳಿ’ ಎಂಬ ಸಲಹೆ ಶೋರೂಮಿನವರದ್ದು. ಈಗೀಗ ಅರ್ಥಶಾಸ್ತ್ರದ ಭಾಷೆಯಲ್ಲೂ ಬರುತ್ತಿದೆ. ಸಾವಿರ ರೂಪಾಯಿಯ ಸಾಮಾನಿಗೆ ಮೂವತ್ತು ಸಾವಿರದ ಪರಿಹಾರ ಹೇಳುವ ಅರ್ಥಶಾಸ್ತ್ರಕ್ಕೆ ಉತ್ತರ ಕೊಡುವ ತಾಳ್ಮೆ ನನಗಿಲ್ಲ.

ದೂರದ ಊರು, ಸಾಗಣೆ ಕಷ್ಟ ಎಂಬ ನೆಪವಂತೂ ಬೇಡ. ಕೊಪ್ಪದ ಕಾರ್ಮಿಕರೇ 1991ರಿಂದ 2020ರವರೆಗೆ ಸಹಕಾರ ಸಾರಿಗೆ ಬಸ್ಸುಗಳನ್ನು ಈ ಘಟ್ಟದ ದಾರಿಗಳಲ್ಲಿ ಓಡಿಸಿದರು. ಬೆಳಿಗ್ಗೆ ಪೇಟೆಯಲ್ಲಿ ಕಂಡಕ್ಟರ್ ಕೈಗೆ ಕೊಟ್ಟ ಪೊಟ್ಟಣ ಸಂಜೆಯೊಳಗೆ ಊರು ಸೇರುವುದು ಮಲೆನಾಡಿನ ಬಸ್ಸುಗಳಲ್ಲಿ ಹೊಸ ಸಂಗತಿಯಲ್ಲ. 15 ಕೆಲಸದ ದಿನವೆಂದರೆ ಮೂರು ವಾರ. ಮೂರು ವಾರದಲ್ಲಿ ತಲುಪದ ಪೊಟ್ಟಣ ದಾರಿಯಲ್ಲಿಲ್ಲ, ಅದು ಹೊರಟೇ ಇಲ್ಲ.

ಆದ್ದರಿಂದ ಇಲಾಖೆ ಮಾಡಬೇಕಾದದ್ದು ಒಂದು ಪುಟದ ಆದೇಶ: ವಾಷಿಂಗ್ ಮೆಷಿನ್ನನ್ನು ಈಗಲೇ ಸೇರಿಸಿ, ಸಾಮಾನುಗಳ ಹೆಸರು ಬರೆಯಿರಿ, 10 ವರ್ಷ, 15 ಕೆಲಸದ ದಿನ, ತಪ್ಪಿದರೆ ದಂಡ. ಮತ್ತು ಆ 15ನ್ನು ಎಣಿಸುವುದು ಬೆಂಗಳೂರಿನ ಗೋದಾಮಿನಿಂದ ಹೊರಬಿದ್ದ ದಿನಕ್ಕಲ್ಲ. ಕೊಪ್ಪ, ಶೃಂಗೇರಿ, ಎನ್.ಆರ್.ಪುರಗಳ 577126, 577139, 577134 ಎಂಬ ಪಿನ್‌ಕೋಡುಗಳ ಮನೆಬಾಗಿಲಲ್ಲಿ ಸಹಿ ಬಿದ್ದ ದಿನಕ್ಕೆ.